ಬರೆದುಕೊಳ್ಳುವವರ ಭಾಷೆ: ಅಗಲ್ಪಾಡಿಯಿಂದ ಕಂಡ ಪೊಲೀಸ್ ಕಾನೂನಿನ ತಿದ್ದುಪಡಿಗಳು (1816–2024)

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

  ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ಊರಲ್ಲಿ ಮಳೆ, ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ, ಅದಕ್ಕೆ ಮೊದಲೇ ಕ್ಷಮೆ ಇರಲಿ.

ಕನ್ನಡ ಎಂ.ಎ. ಓದುವವರಿಗೆ ಪೊಲೀಸ್ ಕಾಯಿದೆ ಯಾಕೆ ಎಂದು ಕೆಲವರು ಕೇಳಿದರು. ನನ್ನ ಉತ್ತರ ಸರಳ. ಕಾಸರಗೋಡಿನ ಸಾಮಾನ್ಯ ಜನರ ಮಾತು ಬರಹಕ್ಕೆ ಇಳಿದ ಜಾಗಗಳು ಬಹಳ ಕಡಿಮೆ. ಕವಿಗಳ ಬಗ್ಗೆ, ಗಡಿ ಹೋರಾಟದ ನಾಯಕರ ಬಗ್ಗೆ ಪುಸ್ತಕಗಳಿವೆ. ಆದರೆ ಒಬ್ಬ ಕೂಲಿಯಾಳು, ಒಬ್ಬ ಗೇಣಿದಾರ, ಒಬ್ಬ ವಿಧವೆ ತನ್ನ ಬಾಯಿಂದ ಆಡಿದ ಮಾತು ಕಾಗದಕ್ಕೆ ಬಂದಿದ್ದರೆ ಅದು ಹೆಚ್ಚಾಗಿ ದೂರು, ಮಹಜರು, ಸಾಕ್ಷಿ ಹೇಳಿಕೆಗಳಲ್ಲಿ. ಅದೂ ಒಂದು ಗದ್ಯವೇ. ಒಬ್ಬರು ಹೇಳಿ ಇನ್ನೊಬ್ಬರು ಬರೆದ ಗದ್ಯ. ಆ ‘ಇನ್ನೊಬ್ಬರು’ ಯಾರು, ಯಾವ ಭಾಷೆಯಲ್ಲಿ ಬರೆದರು, ಬರೆದದ್ದು ಹೇಳಿದವರಿಗೆ ಅರ್ಥವಾಯಿತೇ ಎಂಬುದು ನನ್ನ ಪ್ರಶ್ನೆ.

ನಮ್ಮ ಊರು ಅಗಲ್ಪಾಡಿ, ಕುಂಬ್ಡಾಜೆ ಪಂಚಾಯತು. ಚಂದ್ರಗಿರಿ ಹೊಳೆಯ ಉತ್ತರಕ್ಕಿದೆ, ಅಂದರೆ 1967ರ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ ಭಾಗದಲ್ಲಿ. ಸುತ್ತಲಿನ ಮನೆಗಳಲ್ಲಿ ತುಳು, ಹವ್ಯಕ ಕನ್ನಡ, ಮರಾಠಿ, ಮಲಯಾಳ, ಬ್ಯಾರಿ ಎಲ್ಲ ಉಂಟು. ಗಡಿಯ ವಿವಾದ ಇವತ್ತಿನ ವಿಷಯ ಅಲ್ಲ. ನನ್ನ ವಾದ ಇಷ್ಟು: ಇನ್ನೂರು ವರ್ಷಗಳಲ್ಲಿ ಈ ಊರಿನ ಮೇಲೆ ಪೊಲೀಸ್ ಮತ್ತು ದಂಡ ಕಾನೂನು ಹಲವು ಸಲ ಬದಲಾಗಿದೆ. ಪ್ರತಿ ಸಲವೂ ಕೋಲು ಯಾರ ಕೈಯಲ್ಲಿರಬೇಕು ಎಂದು ಚರ್ಚೆ ಆಗಿದೆ. ದೂರನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳಬೇಕು ಎಂಬುದು ಮಾತ್ರ ತಿದ್ದುಪಡಿಯ ಪಟ್ಟಿಗೆ ಬಂದೇ ಇಲ್ಲ.

1. ಚಾವಡಿ ಮತ್ತು ಕೋಳ

1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಕಂಪನಿಯ ವಶಕ್ಕೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿದ್ದದ್ದು ಸ್ವಲ್ಪ ಕಾಲ, ಆದರೆ ಮುಂದೆ ಅವನದೇ ನೇತೃತ್ವದ ಆಯೋಗದ ಫಲವಾಗಿ 1816ರಲ್ಲಿ ಮದ್ರಾಸು ಸರಕಾರ ಹಲವು ರೆಗ್ಯುಲೇಶನ್‌ಗಳನ್ನು ತಂದಿತು. ಅವುಗಳಲ್ಲಿ 11ನೆಯದು ಪೊಲೀಸ್ ವ್ಯವಸ್ಥೆಯದ್ದು. ದಾರೋಗನನ್ನು ತೆಗೆದು ಊರಿನ ಮುಖ್ಯಸ್ಥನಿಗೂ ತಹಶೀಲ್ದಾರನಿಗೂ ಪೊಲೀಸ್ ಅಧಿಕಾರ ಕೊಟ್ಟಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪಟೇಲ, ಬರೆಯಲಿಕ್ಕೆ ಶ್ಯಾನುಭೋಗ, ಕರೆದು ತರಲಿಕ್ಕೆ ಉಗ್ರಾಣಿ.

ಈ ರೆಗ್ಯುಲೇಶನ್ನಿನ ಒಂದು ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೈಗುಳ, ಸಣ್ಣ ಹೊಡೆದಾಟದಂಥ ಪ್ರಕರಣಗಳಲ್ಲಿ ಊರ ಮುಖ್ಯಸ್ಥ ತಪ್ಪಿತಸ್ಥನನ್ನು ಚಾವಡಿಯಲ್ಲಿ 12 ಗಂಟೆ ಮೀರದಂತೆ ಕೂಡಿಹಾಕಬಹುದಿತ್ತು. ಆದರೆ ಆತ ‘ಕೆಳಜಾತಿ’ಯವನಾದರೆ, ಅಂಥ ಅವಮಾನದ ಶಿಕ್ಷೆ ಅವನಿಗೆ ಅನುಚಿತವಲ್ಲವೆಂದಾದರೆ, 6 ಗಂಟೆ ಮೀರದಂತೆ ಕೋಳಕ್ಕೆ ಹಾಕಬಹುದಿತ್ತು. ಕೋಳ ಅಂದರೆ ಕಾಲು ಸಿಕ್ಕಿಸುವ ಮರದ ದಿಮ್ಮಿ. ತಪ್ಪು ಒಂದೇ, ಶಿಕ್ಷೆ ಎರಡು, ವ್ಯತ್ಯಾಸ ಜಾತಿಯದ್ದು. ಇದು ಊರಿನ ಕಟ್ಟುಕಟ್ಟಳೆ ಮಾತ್ರ ಅಲ್ಲ, ಅಚ್ಚಾದ ಕಾನೂನು. 1821ರಲ್ಲಿ ಇದನ್ನು ಸಣ್ಣ ಕಳ್ಳತನಗಳಿಗೂ ವಿಸ್ತರಿಸಿದರು.

ಇಲ್ಲಿ ಭಾಷೆಯ ಪ್ರಶ್ನೆ ಎಲ್ಲಿ ಬಂತು? ನೋಡಿ, ಮೊದಲನೆಯ ಅಪರಾಧವೇ ಬೈಗುಳ. ನಮ್ಮ ಕಡೆ ಬೈಗುಳ ತುಳುವಿನಲ್ಲಿ ಹುಟ್ಟಿರುತ್ತದೆ, ಅದನ್ನು ಬರೆಯುವ ಲೆಕ್ಕ-ದಫ್ತರದ ಭಾಷೆ ಕನ್ನಡ. ತುಳು ಮಾತ್ರ ಬಲ್ಲ ಆಳಿಗೆ ಆ ಕಾಲದಲ್ಲಿ ಶ್ಯಾನುಭೋಗರ ಕನ್ನಡವೇ ಅಧಿಕಾರದ ಭಾಷೆ. ‘ನಮ್ಮ ಭಾಷೆಗೆ ಅನ್ಯಾಯ’ ಎಂದು ಹೇಳುವಾಗ ಕನ್ನಡದವರು ಇದನ್ನು ನೆನಪಿಡಬೇಕು ಅಂತ ನನಗನಿಸುತ್ತದೆ. ನಾವು ಕೂಡ ಒಂದು ಕಾಲಕ್ಕೆ ಬರೆದುಕೊಳ್ಳುವವರ ಕಡೆಯಲ್ಲಿದ್ದೆವು.

ಸರಕಾರದ ಚಾವಡಿಯ ಜೊತೆಗೇ ಇನ್ನೊಂದು ದಾರಿಯೂ ನಡೆದು ಬಂದಿದೆ. ಕಾನತ್ತೂರಿನ ನಾಲ್ವರು ದೈವಗಳ ಮುಂದೆ ತಕರಾರು ಇಡುವ ವಾಡಿಕೆ ಇಂದಿಗೂ ಇದೆ. ಅದನ್ನು ಹೊಗಳುವುದು ನನ್ನ ಉದ್ದೇಶ ಅಲ್ಲ, ಅಲ್ಲಿ ಭಯವೂ ಕೆಲಸ ಮಾಡುತ್ತದೆ. ಆದರೆ ಜನ ಅಲ್ಲಿಗೆ ಯಾಕೆ ಹೋಗುತ್ತಾರೆ ಎಂಬುದಕ್ಕೆ ಒಂದು ಕಾರಣ, ಅಲ್ಲಿ ದೂರು ಹೇಳುವವರ ಬಾಯಲ್ಲೇ ಇರುತ್ತದೆ ಎಂಬುದಿರಬಹುದು.

2. ಹಿಂಸೆಯ ವರದಿಯಿಂದ ‘ಓದಿ ಹೇಳಬೇಕು’ ವರೆಗೆ

ಕಂದಾಯ ವಸೂಲಿ ಮಾಡುವವನೇ ಪೊಲೀಸನೂ ಆದರೆ ಏನಾಗುತ್ತದೆ ಎಂಬುದು 1855ರ ಮದ್ರಾಸಿನ ಚಿತ್ರಹಿಂಸೆ ತನಿಖಾ ಆಯೋಗದ ವರದಿಯಲ್ಲಿ ಬಂತು. ತೆರಿಗೆಗಾಗಿಯೂ ತಪ್ಪೊಪ್ಪಿಗೆಗಾಗಿಯೂ ಹಿಂಸೆ ನಡೆಯುತ್ತಿದೆ ಎಂದು ಸರಕಾರದ್ದೇ ಆಯೋಗ ಒಪ್ಪಿತು. ಆ ವರದಿಯನ್ನು ಬಳಸಿ ಕಾರ್ಲ್ ಮಾರ್ಕ್ಸ್ 1857ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಲೇಖನ ಬರೆದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದರ ಬೆನ್ನಿಗೆ 1859ರ ಮದ್ರಾಸ್ ಜಿಲ್ಲಾ ಪೊಲೀಸ್ ಕಾಯಿದೆ ಬಂತು. ಪೊಲೀಸ್ ಇಲಾಖೆ ಕಂದಾಯದಿಂದ ಬೇರೆ ಆಯಿತು. 1860ರ ದಂಡ ಸಂಹಿತೆ, 1861ರ ದಂಡ ಪ್ರಕ್ರಿಯಾ ಸಂಹಿತೆ ಹಿಂಬಾಲಿಸಿದವು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸಬಾರದು ಎಂಬ ನಿಯಮ 1861ರಲ್ಲೇ ಬಂತು, 1872ರ ಸಾಕ್ಷ್ಯ ಕಾಯಿದೆಯ 25ನೇ ಸೆಕ್ಷನ್ ಆಯಿತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಆಗಿದೆ. ಹಿಂಸೆಗೆ ಒಳಗಾದವರ ಅಹವಾಲಿನಿಂದ ಕಾನೂನು ಬದಲಾಗಬಹುದು ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಇನ್ನೊಂದು ನಿಯಮ 1898ರ ಸಂಹಿತೆಯ 154ನೇ ಸೆಕ್ಷನ್ನಿನಲ್ಲಿದೆ. ಠಾಣೆಗೆ ಬಂದು ಬಾಯಲ್ಲಿ ಹೇಳಿದ ದೂರನ್ನು ಅಧಿಕಾರಿ ಬರೆದುಕೊಳ್ಳಬೇಕು, ಬರೆದದ್ದನ್ನು ದೂರುದಾರರಿಗೆ ಓದಿ ಹೇಳಬೇಕು, ಆಮೇಲೆ ಅವರ ಸಹಿ ಪಡೆಯಬೇಕು. ಇದೇ ಮಾತು 1973ರ ಸಂಹಿತೆಯಲ್ಲಿ ಅದೇ 154ನೇ ಸಂಖ್ಯೆಯಲ್ಲಿ ಮುಂದುವರಿಯಿತು. ‘ಓದಿ ಹೇಳಬೇಕು’ ಅಷ್ಟೇ. ಯಾವ ಭಾಷೆಯಲ್ಲಿ? ಸೆಕ್ಷನ್ ಮೌನ. ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರ್ತೇನೆ.

3. ಕಾಸರಗೋಡು ‘ಮಲಬಾರ್’ ಆದದ್ದು

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಕಯ್ಯಾರ ಕಿಞ್ಞಣ್ಣ ರೈ ಮೊದಲಾದವರ ಹೋರಾಟದ ಕಥೆ ನಮಗೆಲ್ಲ ಗೊತ್ತು. ಕಾನೂನಿನ ಪುಸ್ತಕದಲ್ಲಿ ಏನಾಯಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ.

ರಾಜ್ಯ ಪುನರ್ವಿಂಗಡಣಾ ಕಾಯಿದೆಯ 5ನೇ ಸೆಕ್ಷನ್ ಮದ್ರಾಸಿನಿಂದ ಬಂದ ಎರಡು ಭಾಗಗಳನ್ನು ಹೆಸರಿಸುತ್ತದೆ: ದ್ವೀಪಗಳನ್ನು ಬಿಟ್ಟ ಮಲಬಾರ್ ಜಿಲ್ಲೆ, ಮತ್ತು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು. ಅದೇ ಸೆಕ್ಷನ್ನಿನ 2ನೇ ಉಪವಿಭಾಗ ಈ ಎರಡೂ ಸೇರಿ ಕೇರಳದಲ್ಲಿ ‘ಮಲಬಾರ್ ಜಿಲ್ಲೆ’ ಎಂದು ಕರೆಯಲ್ಪಡತಕ್ಕದ್ದು ಎನ್ನುತ್ತದೆ. 1957ರ ಜನವರಿಯಲ್ಲಿ ಆ ಜಿಲ್ಲೆಯನ್ನೇ ಒಡೆದರು, ಕಾಸರಗೋಡು ಕಣ್ಣೂರಿಗೆ ಹೋಯಿತು. ಆದರೆ ಕೇರಳದ ಶಾಸನಗಳಲ್ಲಿ ‘5ನೇ ಸೆಕ್ಷನ್ನಿನ 2ನೇ ಉಪವಿಭಾಗದಲ್ಲಿ ಹೇಳಿದ ಮಲಬಾರ್ ಜಿಲ್ಲೆ’ ಎಂಬ ನುಡಿಗಟ್ಟು ಉಳಿಯಿತು. ಹಳೆಯ ಮದ್ರಾಸು ಕಾನೂನುಗಳ ಬಗ್ಗೆ ಮಾತಾಡುವಾಗ ಕಾಸರಗೋಡು ಅದರೊಳಗೆ ಅಡಗಿ ಕೂತಿರುತ್ತದೆ. ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ.

ಪುನರ್ವಿಂಗಡಣಾ ಕಾಯಿದೆಯ 119ನೇ ಸೆಕ್ಷನ್ ಪ್ರಕಾರ ಹಳೆಯ ಕಾನೂನುಗಳು ಬದಲಾಗುವವರೆಗೆ ಮುಂದುವರಿಯಬೇಕಿತ್ತು. ಹಾಗಾಗಿ ಕೇರಳಕ್ಕೆ ಸೇರಿದ ಮೇಲೂ ಕೆಲವು ವರ್ಷ ನಮ್ಮೂರಿನಲ್ಲಿ ನಡೆದದ್ದು ಮದ್ರಾಸಿನ 1859ರ ಕಾಯಿದೆಯೇ. ತಿರುವಾಂಕೂರು-ಕೊಚ್ಚಿ ಭಾಗಕ್ಕೆ ಬೇರೆ ಪೊಲೀಸ್ ಕಾನೂನು ಇತ್ತು. ಎರಡನ್ನೂ ಒಂದು ಮಾಡಿದ್ದು 1960ರ ಕೇರಳ ಪೊಲೀಸ್ ಕಾಯಿದೆ. ಆಡಳಿತಕ್ಕೆ ಅದು ಏಕೀಕರಣ. ನಮ್ಮ ಕಡೆಯವರಿಗೆ ಅದು ಠಾಣೆಯ ಕಡತದ ಭಾಷೆ ಕನ್ನಡದಿಂದ, ಇಂಗ್ಲಿಷಿನಿಂದ ಮಲಯಾಳಕ್ಕೆ ಸರಿದ ಕಾಲಘಟ್ಟ.

1969ರ ಕೇರಳ ಅಧಿಕೃತ ಭಾಷಾ ಶಾಸನದಲ್ಲಿ ಅಲ್ಪಸಂಖ್ಯಾತರಿಗೆ ರಕ್ಷಣೆ ಇದೆ. ತಮಿಳರು, ಕನ್ನಡಿಗರು ಸರಕಾರದೊಂದಿಗೂ, ತಮ್ಮ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿ ಕೂಡ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಬಹುದು ಎನ್ನುತ್ತದೆ. ಬಹಳ ಒಳ್ಳೆಯದು. ಆದರೆ ಗಮನಿಸಿ, ಇವೆರಡೂ ಬರೆದು ಕೊಡಬಲ್ಲವರಿಗೆ ಹೆಚ್ಚು ಉಪಯೋಗ. ಬಾಯಲ್ಲಿ ಹೇಳುವವರ ಮಾತನ್ನು ಇನ್ನೊಬ್ಬರು ಬರೆದುಕೊಂಡಾಗ ಏನು ಎಂಬುದಕ್ಕೆ ಇವುಗಳಲ್ಲಿ ನೇರ ಉತ್ತರ ಇಲ್ಲ.

4. ಪ್ರತಿ, ಅಪೇಕ್ಷೆ, ಅವಸರ

ಈಗ ಸ್ವಲ್ಪ ನಮ್ಮ ಶಾಸ್ತ್ರಕ್ಕೆ ಬರೋಣ. ಕನ್ನಡ, ಮಲಯಾಳ ಎರಡರ ಕೋರ್ಟು ಪದಕೋಶದಲ್ಲೂ ಅರಬ್ಬಿ-ಪಾರಸಿ ಪದಗಳ ಒಂದೇ ಪದರ ಇದೆ. ನಮ್ಮ ಮಹಜರು ಅಲ್ಲಿ ಮಹಸ್ಸರ್, ನಮ್ಮ ಜಾಮೀನು ಅಲ್ಲಿ ಜಾಮ್ಯಂ. ಹಾಜರು, ಜಪ್ತಿ, ವಕಾಲತ್ತು ಹೆಚ್ಚುಕಮ್ಮಿ ಒಂದೇ. ಹೇಳಿಕೆಗೆ ಅವರು ‘ಮೊೞಿ’ ಎನ್ನುತ್ತಾರೆ. ಹಳಗನ್ನಡ ಪಾಠದಲ್ಲಿ ನಾವು ಕಲಿತ ೞಕಾರ ಅಲ್ಲಿ ಇನ್ನೂ ಬದುಕಿದೆ. ಹಾಗಾಗಿ ‘ಅಷ್ಟೇನೂ ಕಷ್ಟ ಇಲ್ಲ, ಎಲ್ಲ ಒಂದೇ ಥರ’ ಎಂದು ಹೇಳುವವರಿದ್ದಾರೆ.

ಕಷ್ಟ ಇರುವುದೇ ಅಲ್ಲಿ. ಮಲಯಾಳದ ದಂಡ ವ್ಯವಹಾರದಲ್ಲಿ ‘ಪ್ರತಿ’ ಅಂದರೆ ಆರೋಪಿ. ‘ಒನ್ನಾಂ ಪ್ರತಿ’ ಒಂದನೇ ಆರೋಪಿ. ಕನ್ನಡದ ಕಿವಿಗೆ ಅದು ಒಂದನೇ ನಕಲು. ಅಲ್ಲಿ ‘ಅಪೇಕ್ಷ’ ಅಂದರೆ ಅರ್ಜಿ, ನಮಗೆ ಅಪೇಕ್ಷೆ ಅಂದರೆ ಆಸೆ. ಅಲ್ಲಿ ‘ಅವಸರಂ’ ಅಂದರೆ ಅವಕಾಶ, ನಮಗೆ ಅವಸರ ಅಂದರೆ ಗಡಿಬಿಡಿ. ನಿಮ್ಮ ಮಾತು ಹೇಳಲು ಅವಕಾಶ ಉಂಟು ಎಂದು ಒಬ್ಬರು ಹೇಳಿದರೆ, ಬೇಗ ಹೇಳಿ ಮುಗಿಸಿ ಎಂದು ಇನ್ನೊಬ್ಬರಿಗೆ ಕೇಳಿಸಬಹುದು. ಪೂರ್ತಿ ಗೊತ್ತಿಲ್ಲದ ಭಾಷೆಯಾದರೆ ಮನುಷ್ಯ ‘ಗೊತ್ತಾಗಲಿಲ್ಲ’ ಎನ್ನುತ್ತಾನೆ. ಅರ್ಧ ಗೊತ್ತಿರುವ ಭಾಷೆಯಲ್ಲಿ ತಲೆಯಾಡಿಸುತ್ತಾನೆ.

ನೆರೆಮನೆಯ ಹಿರಿಯರೊಬ್ಬರು ಜಾಗದ ಜಗಳದಲ್ಲಿ ಪೆಟ್ಟು ತಿಂದು ದೂರು ಕೊಟ್ಟಿದ್ದರು. ಅವರಿಗೆ ತುಳು ಮತ್ತು ಕನ್ನಡ ಸರಾಗ. ಮಲಯಾಳ ಅಂಗಡಿ-ಬಸ್ಸಿನಷ್ಟು ಮಾತ್ರ, ಓದಲು ಬಾರದು. ಬರೆದದ್ದನ್ನು ಓದಿ ಹೇಳಿದರಂತೆ, ಇವರು ಸಹಿ ಹಾಕಿದರಂತೆ. ತಿಂಗಳುಗಳ ನಂತರ ಅದರ ಪ್ರತಿಯನ್ನು (ಇಲ್ಲಿ ನಮ್ಮ ಅರ್ಥದ ಪ್ರತಿ) ನನ್ನ ಕೈಗೆ ಕೊಟ್ಟು ಏನು ಬರೆದಿದೆ ನೋಡು ಎಂದರು. ಅವರು ಹೇಳಿದ ಘಟನೆಯ ಕ್ರಮವೇ ಅದರಲ್ಲಿ ಬೇರೆ ಇತ್ತು. ಮೊದಲು ಕೈ ಎತ್ತಿದ್ದು ಯಾರು ಎಂಬ ಒಂದು ವಾಕ್ಯ ಇರಲೇ ಇಲ್ಲ. ಬರೆದವರಿಗೆ ಕೆಟ್ಟ ಉದ್ದೇಶ ಇತ್ತು ಎಂದು ನಾನು ಹೇಳುವುದಿಲ್ಲ, ನನಗೆ ಹಾಗೆ ಅನಿಸಲೂ ಇಲ್ಲ. ಕಾನೂನು ಕೇಳಿದ್ದನ್ನು ಅವರು ಮಾಡಿದ್ದಾರೆ. ಓದಿ ಹೇಳಿದ್ದಾರೆ.

5. 2011, 2020: ಬೈಗುಳ ಮತ್ತೆ ಬಂತು

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಪೊಲೀಸ್ ಸುಧಾರಣೆಗೆ ನಿರ್ದೇಶನ ಕೊಟ್ಟಿತು. ಕೇರಳ 1960ರ ಕಾಯಿದೆಯನ್ನು ಬದಿಗಿಟ್ಟು 2011ರಲ್ಲಿ ಹೊಸ ಪೊಲೀಸ್ ಕಾಯಿದೆ ಮಾಡಿತು. ಠಾಣೆಯಲ್ಲಿ ನಾಗರಿಕರಿಗೆ ಸಿಗಬೇಕಾದ ಸೇವೆ, ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರ ಇವೆಲ್ಲ ಅದರಲ್ಲಿವೆ. ದೇಶದ ಹಲವು ರಾಜ್ಯಗಳಿಗಿಂತ ಮುಂದಿನ ಹೆಜ್ಜೆ ಅದು.

ಅದೇ ಕಾಯಿದೆಯ 118(ಡಿ) ಅಸಭ್ಯ ಮಾತು, ಕರೆ, ಸಂದೇಶಗಳಿಂದ ಕಿರಿಕಿರಿ ಮಾಡುವುದನ್ನು ಅಪರಾಧ ಎಂದಿತ್ತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಐಟಿ ಕಾಯಿದೆಯ 66ಎ ಜೊತೆಗೆ ಇದೂ ರದ್ದಾಯಿತು. 2020ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ 118ಎ ಬಂತು: ಸುಳ್ಳೆಂದು ತಿಳಿದೂ ಬೆದರಿಸುವ, ನಿಂದಿಸುವ, ಅವಮಾನಿಸುವ ಮಾತನ್ನು ಯಾವುದೇ ಮಾಧ್ಯಮದಲ್ಲಿ ಹರಡಿದರೆ 3 ವರ್ಷದವರೆಗೆ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪತ್ರಿಕಾ ಸ್ವಾತಂತ್ರ್ಯದ ಹೆಸರಲ್ಲಿ ದೊಡ್ಡ ವಿರೋಧ ಎದ್ದಿತು, ಕೆಲವೇ ದಿನಗಳಲ್ಲಿ ಸರಕಾರ ಅದನ್ನು ವಾಪಸು ಪಡೆಯಿತು.

ಆ ವಿರೋಧ ಸರಿಯಾದದ್ದು. ನಾನು ಸೇರಿಸುವುದು ಒಂದೇ ಮಾತು. 1816ರ ಪಟ್ಟಿಯ ಬೈಗುಳವೇ 2020ರಲ್ಲಿ ಮೊಬೈಲಿನ ರೂಪದಲ್ಲಿ ಹಿಂದಿರುಗಿತ್ತು. ಒಂದು ಮಾತು ನಿಂದನೆಯೋ ಸಲುಗೆಯೋ ಎಂಬುದು ಆ ಭಾಷೆಯೊಳಗಿದ್ದವರಿಗೆ ತಿಳಿಯುವ ವಿಷಯ. ತುಳುವಿನಲ್ಲಿ, ನಮ್ಮ ಕನ್ನಡದಲ್ಲಿ ಆಪ್ತರನ್ನು ಕರೆಯುವ ಎಷ್ಟೋ ಪದಗಳು ಅನುವಾದವಾದ ಕೂಡಲೇ ಬೈಗುಳವಾಗುತ್ತವೆ. ಮಾತನ್ನು ಶಿಕ್ಷಿಸುವ ಯಾವ ಕಾನೂನೂ ಬಹುಭಾಷೆಯ ಊರಿನಲ್ಲಿ ಅನುವಾದಕನ ಕೈಯಲ್ಲಿ ನಿಲ್ಲುತ್ತದೆ.

6. 2024: ಹೊಸ ಹೆಸರು, ಹಳೆಯ ವಾಕ್ಯ

2024ರ ಜುಲೈ 1ರಿಂದ ಮೂರು ಹೊಸ ಕಾನೂನುಗಳು ಬಂದವು. ಭಾರತೀಯ ನ್ಯಾಯ ಸಂಹಿತೆ 358 ಸೆಕ್ಷನ್, ನಾಗರಿಕ ಸುರಕ್ಷಾ ಸಂಹಿತೆ 531, ಸಾಕ್ಷ್ಯ ಅಧಿನಿಯಮ 170. ಹೆಸರುಗಳ ಬಗ್ಗೆ ದೊಡ್ಡ ಚರ್ಚೆ ಆಯಿತು. ಕನ್ನಡದವರಿಗೆ ಆ ಸಂಸ್ಕೃತ ಪದಗಳು ಅಪರಿಚಿತವಲ್ಲ, ಹಾಗಾಗಿ ನಾನು ಹೆಸರಿನಲ್ಲಿ ನಿಲ್ಲುವುದಿಲ್ಲ, ಒಳಗೆ ಹೋಗ್ತೇನೆ.

ಹಳೆಯ 154 ಈಗ ಸುರಕ್ಷಾ ಸಂಹಿತೆಯ 173. ಎರಡು ಮುಖ್ಯ ಬದಲಾವಣೆಗಳಿವೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ. ಇಲೆಕ್ಟ್ರಾನಿಕ್ ಆಗಿಯೂ ದೂರು ಕಳಿಸಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು. ಗಡಿಯವರಿಗೆ ಮೊದಲನೆಯದು ಬಹಳ ಮುಖ್ಯ. ನಮ್ಮಲ್ಲಿ ಜೋರು ಪೆಟ್ಟಾದರೆ ಜನ ಮಂಗಳೂರಿನ ಆಸ್ಪತ್ರೆಗೆ ಓಡುವುದು. ಈಗ ಅಲ್ಲಿನ ಠಾಣೆಯಲ್ಲೇ, ಕನ್ನಡದಲ್ಲೇ ದೂರು ಕೊಡಬಹುದು. ಆಮೇಲೆ ಅದು ಕಾಸರಗೋಡಿನ ಠಾಣೆಗೆ ಬರುತ್ತದೆ, ಬಂದ ಮೇಲೆ ತನಿಖೆಯ ಕಡತ ಮಲಯಾಳದಲ್ಲಿ ಸಾಗುತ್ತದೆ. ನಡುವೆ ಭಾಷಾಂತರ ಮಾಡುವವರು ಯಾರು, ಅದನ್ನು ದೂರುದಾರರಿಗೆ ತೋರಿಸಬೇಕೇ? ಸೆಕ್ಷನ್ನಿನಲ್ಲಿ ಆ ಮಾತಿಲ್ಲ. ಬಾಯಿ ದೂರಿನ ಬಗ್ಗೆ ಹಳೆಯ ವಾಕ್ಯವೇ ಉಳಿದಿದೆ: ಓದಿ ಹೇಳಬೇಕು.

ಇದೇ ಸಂಹಿತೆಯಲ್ಲಿ ಕೋರ್ಟಿನ ಹಂತಕ್ಕೆ ಬಂದರೆ ಭಾಷೆಯ ಬಗ್ಗೆ ಎಚ್ಚರ ಇದೆ. 307ನೇ ಸೆಕ್ಷನ್ ಹೈಕೋರ್ಟನ್ನು ಬಿಟ್ಟು ಉಳಿದ ಕೋರ್ಟುಗಳ ಭಾಷೆ ನಿರ್ಧರಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಡುತ್ತದೆ. 314ನೇ ಸೆಕ್ಷನ್ ಪ್ರಕಾರ ಆರೋಪಿಗೆ ಗೊತ್ತಿಲ್ಲದ ಭಾಷೆಯಲ್ಲಿ ಸಾಕ್ಷ್ಯ ಬಂದರೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಬಂಧಿತರ ವಿಷಯದಲ್ಲಿ ಸುಪ್ರೀಂ ಕೋರ್ಟು 1962ರಲ್ಲೇ, ಹರಿಕಿಶನ್ ಪ್ರಕರಣದಲ್ಲಿ, ಹಿಂದಿ ಮಾತ್ರ ಬಲ್ಲವನಿಗೆ ಇಂಗ್ಲಿಷಿನಲ್ಲಿ ಸ್ಥಾನಬದ್ಧತೆಯ ಕಾರಣ ಕೊಟ್ಟದ್ದು ಸಾಲದು ಎಂದಿತ್ತು. 2025ರ ನವೆಂಬರಿನಲ್ಲಿ ಬಂಧನದ ಕಾರಣವನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು ಎಂದಿತು. ಹಾಗಾದರೆ ಉಳಿದವರು ಯಾರು? ಪೆಟ್ಟು ತಿಂದು ಠಾಣೆಗೆ ಬಂದು ಬಾಯಲ್ಲಿ ದೂರು ಹೇಳಿದವರು. ಇಡೀ ಮೊಕದ್ದಮೆ ನಿಲ್ಲುವುದು ಅವರ ಮೊದಲ ಹೇಳಿಕೆಯ ಮೇಲೆ. ಮುಂದೆ ಕೋರ್ಟಿನಲ್ಲಿ ಅವರು ಬೇರೆ ಹೇಳಿದರೆ ‘ಮೊದಲು ಹೀಗೆ ಹೇಳಿದ್ದೀರಲ್ಲ’ ಎಂದು ಕೇಳುವುದು ಆ ಕಾಗದವನ್ನು ಹಿಡಿದೇ.

7. ಏನು ತಿದ್ದಬೇಕು

ದಂಡ ಪ್ರಕ್ರಿಯೆ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯ ತಿದ್ದಬಹುದು, ಕೇಂದ್ರದ ಕಾನೂನಿಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಪೊಲೀಸ್ ವಿಷಯ ರಾಜ್ಯ ಪಟ್ಟಿಯದ್ದು. ಹಾಗಾಗಿ 2011ರ ಕಾಯಿದೆಯಲ್ಲಿ ನಾಗರಿಕ ಸೇವೆಯ ಭಾಗಕ್ಕೆ ಮೂರು ಪದ ಸೇರಿಸಲು ದೆಹಲಿಗೆ ಹೋಗಬೇಕಾಗಿಲ್ಲ: ‘ದೂರುದಾರರಿಗೆ ಅರ್ಥವಾಗುವ ಭಾಷೆಯಲ್ಲಿ’. ಇನ್ನೊಂದು ದಾರಿಯೂ ಇದೆ. ಸಾಕ್ಷಿ ಹೇಳಿಕೆಯನ್ನು ಆಡಿಯೊ-ವೀಡಿಯೊದಲ್ಲಿ ದಾಖಲಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ಬಾಯಿ ದೂರಿಗೂ ಅದನ್ನು ಕಡ್ಡಾಯ ಮಾಡಿದರೆ ತುಳುವಿನ ದೂರು ತುಳುವಿನಲ್ಲೇ ಉಳಿಯುತ್ತದೆ. ಶ್ಯಾನುಭೋಗರ ಕಾಲದಲ್ಲಿ ಬರೆಯುವವರಿಲ್ಲದೆ ಗತಿ ಇರಲಿಲ್ಲ, ಈಗ ಆ ಕಾರಣ ಕೊಡಲು ಆಗುವುದಿಲ್ಲ.

ನಾನು ‘ಕನ್ನಡದಲ್ಲಿ’ ಎಂದು ಬರೆಯದೆ ‘ಅರ್ಥವಾಗುವ ಭಾಷೆಯಲ್ಲಿ’ ಎಂದು ಬರೆದದ್ದು ಬೇಕೆಂತಲೇ. ಕೊರಗ ಸಮುದಾಯದ ಒಬ್ಬ ಅಜ್ಜಿಗೆ ಮಲಯಾಳದ ಬದಲು ಗ್ರಾಂಥಿಕ ಕನ್ನಡದಲ್ಲಿ ಓದಿ ಹೇಳಿದರೆ ನ್ಯಾಯ ಹತ್ತಿರ ಬಂದ ಹಾಗಾಗುವುದಿಲ್ಲ. ಕೋಳಕ್ಕೆ ಹಾಕಬಹುದು ಎಂದು ಕಾನೂನು ಬರೆದದ್ದು ಅವರ ಹಿರಿಯರಂಥವರ ಬಗ್ಗೆಯೇ.

ಸಂವಾದದಿಂದ

ಪ್ರಶ್ನೆ: ಅಷ್ಟು ಭಾಷೆಗಳ ಅನುವಾದಕರನ್ನು ಠಾಣೆಗೆ ಎಲ್ಲಿಂದ ತರುವುದು?

ಉತ್ತರ: ಎಲ್ಲ ಠಾಣೆಗಳಿಗೂ ಎಲ್ಲ ಭಾಷೆ ಬೇಡ ಸರ್. ಅಲ್ಪಸಂಖ್ಯಾತ ಪ್ರದೇಶಗಳ ಠಾಣೆಗಳಲ್ಲಿ ಸ್ಥಳೀಯ ಭಾಷೆ ಬಲ್ಲ ಸಿಬ್ಬಂದಿ ಈಗಲೂ ಇರುತ್ತಾರೆ, ಎಷ್ಟೋ ಮಂದಿ ಸೌಜನ್ಯದಿಂದಲೇ ಕನ್ನಡ, ತುಳುವಿನಲ್ಲಿ ಮಾತಾಡುತ್ತಾರೆ. ಆದರೆ ಅದು ಅವರ ಒಳ್ಳೆಯತನ. ಅಂಥವರು ವರ್ಗವಾಗಿ ಹೋದ ಮರುದಿನ ಅದೂ ಹೋಗುತ್ತದೆ. ಅದನ್ನು ನಿಯಮ ಮಾಡಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಪ್ರಶ್ನೆ: ಕರ್ನಾಟಕದಲ್ಲಿಯೂ ಇದನ್ನೇ ಕೇಳುತ್ತೀರಾ?

ಉತ್ತರ: ಖಂಡಿತ. ಬೆಳಗಾವಿಯ ಮರಾಠಿಯವರಿಗೆ, ಕೊಡಗು-ಮಂಗಳೂರಿನ ಮಲಯಾಳದವರಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಒಡಿಯಾ, ಬಂಗಾಳಿ ಕಾರ್ಮಿಕರಿಗೆ ಇದೇ ಸೆಕ್ಷನ್ ಅನ್ವಯಿಸುತ್ತದೆ. ಅಲ್ಲಿ ಬರೆದುಕೊಳ್ಳುವವರು ನಾವು. ಇಲ್ಲಿ ಕೇಳುವುದನ್ನು ಅಲ್ಲಿ ಕೊಡದಿದ್ದರೆ ನಮ್ಮ ಮಾತಿಗೆ ತೂಕ ಬರುವುದಿಲ್ಲ. ಸಮಯ ಮುಗಿಯಿತು ಅಂತ ಚಾಟ್‌ನಲ್ಲಿ ಬಂದಿದೆ, ಇಲ್ಲಿಗೆ ನಿಲ್ಲಿಸ್ತೇನೆ.